ದೇವರಗುಡ್ಡದಲ್ಲಿ ನೆನಪಾದಳು ‘ಉಮಾ’!

ರಾಣೆಬೆನ್ನೂರು ಬಸ್ ಸ್ಟ್ಯಾಂಡಿನಲ್ಲಿ ಕಾರಣಿಕದ ದಿನ ದೇವರಗುಡ್ಡದ ಬಸ್ಸು ಹತ್ತುವುದೆಂದರೆ ನೆಚ್ಚಿನ ನಾಯಕನ ಚಿತ್ರಕ್ಕೆ ಮೊದಲ ದಿನ ಮೊದಲ ಆಟದ ಟಿಕೆಟ್ ಕಿತ್ತುಕೊಂಡಂತೆ! ದೇವರಗುಡ್ಡ ಎಂಬ ಹೆಸರಿನದೇ ರೈಲು ಸ್ಟೇಷನ್ನೂ ಉಂಟು. ಆದರೆ ನಾವು ಬಸ್ಸಿನ ಜನ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಕಲೆ ನಮಗೆ ರಕ್ತಗತ.

ಜತೆಗೆ ಒಬ್ಬ ಗೆಳೆಯ. ಹೆಸರು ಬೇಡ ಬಿಡಿ. ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆಂದು ದಿನಾ ಬೆಳಗಿನ ಜಾವ ಎದ್ದು ಮೈದಾನ ಸುತ್ತುತ್ತಾನೆ. ರಾತ್ರಿ ಮಾತ್ರ ಸಿನಿಮಾ ಹುಚ್ಚು. ಹಿಂದಿನ ರಾತ್ರಿ ಅವನ ರೂಮಿನಲ್ಲಿ ಮೊಬೈಲಿನಲ್ಲೇ ಒಂದು ನೇಪಾಳಿ ಚಿತ್ರ ನೋಡಿದ್ದೆವು. 2013ರ ‘ಉಮಾ’. ನಿರ್ದೇಶಕ ತ್ಸೆರಿಂಗ್ ರಿತಾರ್ ಶೆರ್ಪಾ. ಒಡಹುಟ್ಟಿದವರ ಕಥೆ: ಅವನು ಪೊಲೀಸ್, ಅವಳು ಮಾವೋವಾದಿಗಳ ಪಾಳೆಯದಲ್ಲಿ! 1996ರಿಂದ 2006ರವರೆಗೆ ಆ ಪುಟ್ಟ ದೇಶದಲ್ಲಿ ನಡೆದ ಅಂತಃಕಲಹದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಭಾಷೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಚಿತ್ರ ಮುಗಿದ ಮೇಲೆ ಗೆಳೆಯ ಮಾತೇ ಆಡಲಿಲ್ಲ.

ಗುಡ್ಡದ ಮೇಲೆ ಮಾಲತೇಶ, ಅಂದರೆ ನಮ್ಮ ಮೈಲಾರಲಿಂಗ. ಮಣಿಮಲ್ಲಾಸುರರನ್ನು ಕೊಂದ ದೇವರು. ಎಲ್ಲೆಲ್ಲೂ ಭಂಡಾರದ ಹಳದಿ. ಕರಿ ಕಂಬಳಿ ತೊಟ್ಟ ಗೊರವಪ್ಪಗಳು, ಡಮರುಗದ ಸದ್ದು, ‘ಏಳು ಕೋಟಿ’ಯ ಕೂಗು. ಯಾವ ಕಲಾ ನಿರ್ದೇಶಕನೂ ಇಂಥ ಸೆಟ್ ಹಾಕಲಾರ!

ಇಷ್ಟು ಗದ್ದಲದ ನಡುವೆ ಗೊರವಯ್ಯ ಎತ್ತರದ ಬಿಲ್ಲನ್ನು ಸರಸರನೆ ಏರಿದ. ತುದಿಯಲ್ಲಿ ನಿಂತು ಒಂದೇ ಮಾತು: ‘ಸದ್ದಲೇ!’ ಸ್ಟುಡಿಯೋದಲ್ಲಿ ‘ಸೈಲೆನ್ಸ್’ ಅಂತ ಹತ್ತು ಸಲ ಒದರಿದರೂ ಆಗದ್ದು ಇಲ್ಲಿ ಒಂದೇ ಕೂಗಿಗೆ ಆಯಿತು ನೋಡಿ. ಸಾವಿರಾರು ಜನ ಗಪ್‌ಚುಪ್. ಒಂದು ಸಾಲಿನ ಕಾರಣಿಕ ನುಡಿದವನೇ ಬಿಲ್ಲಿನಿಂದ ಕೆಳಕ್ಕೆ ಬಿದ್ದ. ಕೆಳಗೆ ನಿಂತವರು ಹಿಡಿದುಕೊಂಡರು. ಆಮೇಲೆ ಶುರುವಾಯಿತು ಅರ್ಥ ಹೇಳುವವರ ಪಂಚಾಯಿತಿ: ಮಳೆ ಅಂದವರು ಕೆಲವರು, ಮೆಣಸಿನಕಾಯಿ ರೇಟು ಅಂದವರು ಕೆಲವರು, ಮುಂದಿನ ಎಲೆಕ್ಷನ್ನು ಅಂದವರೇ ಹೆಚ್ಚು!

ಚಾ ಕುಡಿಯುತ್ತ ಗೆಳೆಯ ಕೇಳಿದ, ‘‘ನಮ್ಮ ಕಡೆ ಉಮಾಳಂಥವರು ಯಾರೂ ಇಲ್ಲೇನು?’’

ಇದ್ದಾರೆ ಮಾರಾಯಾ, ಮಗ್ಗುಲಲ್ಲೇ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರು. 1911ರಲ್ಲಿ ಅಲ್ಲಿ ಹುಟ್ಟಿದ ಮಹಾದೇವಪ್ಪನವರ ಮನೆತನದ ಹೆಸರು ಮೈಲಾರ. ತಂದೆಯ ಹೆಸರು ಮಾರ್ತಾಂಡಪ್ಪ. ಎರಡೂ ಈ ಗುಡ್ಡದ ದೇವರ ಹೆಸರುಗಳೇ! 1930ರಲ್ಲಿ ಗಾಂಧೀಜಿಯ ಜತೆ ದಾಂಡಿಗೆ ನಡೆದಾಗ ಅವರಿಗೆ ಹತ್ತೊಂಬತ್ತೂ ತುಂಬಿರಲಿಲ್ಲ. ನಮ್ಮಲ್ಲಿ ಆ ವಯಸ್ಸಿನವರು ನೂರು ದಿನೋತ್ಸವಕ್ಕೆ ಕಟೌಟ್ ಕಟ್ಟುತ್ತೇವೆ... (ನಾನೂ ಕಟ್ಟಿದವನೇ, ಬೇಜಾರು ಮಾಡಿಕೊಳ್ಳಬೇಡಿ.) ಪತ್ನಿ ಸಿದ್ದಮ್ಮನವರೂ ಜೈಲು ಕಂಡವರು. 1942ರ ಚಳವಳಿಯಲ್ಲಿ ಮಹಾದೇವಪ್ಪನವರು ಸಂಗಡಿಗರನ್ನು ಕಟ್ಟಿಕೊಂಡು ಭೂಗತರಾದರು.

ಮರುದಿನ ಗೆಳೆಯನನ್ನು ಹೊಸರಿತ್ತಿಗೆ ಎಳೆದುಕೊಂಡು ಹೋದೆ. ಹಾವೇರಿಯಿಂದ ಬಸ್ಸು. ಹಾವೇರಿ ರೈಲು ನಿಲ್ದಾಣದ ಬೋರ್ಡಿನ ಮೇಲೆ ಈಗ ಮಹಾದೇವಪ್ಪ ಮೈಲಾರರ ಹೆಸರಿದೆ. ಎಷ್ಟು ಜನ ಓದುತ್ತಾರೋ! ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಸರ್ಕಾರ ರೈತರಿಂದ ವಸೂಲು ಮಾಡಿದ ಕಂದಾಯ ಇಡುತ್ತಿತ್ತು. ಪೊಲೀಸ್ ಕಾವಲು. 1943ರ ಏಪ್ರಿಲ್ 1ರಂದು ಮಹಾದೇವಪ್ಪನವರ ತಂಡ ಅಲ್ಲಿಗೆ ನುಗ್ಗಿತು. ಗುಂಡು ಹಾರಿತು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ, ಮಹಾದೇವಪ್ಪ, ಮೂವರೂ ಹೋದರು. ಮಹಾದೇವಪ್ಪನವರಿಗೆ ಆಗಿನ್ನೂ ಮೂವತ್ತೊಂದು.

ಸಂಗೊಳ್ಳಿ ರಾಯಣ್ಣನನ್ನು 2012ರಲ್ಲಿ ದರ್ಶನ್ ರೂಪದಲ್ಲಿ ಕಂಡು ಶಿಳ್ಳೆ ಹೊಡೆದವನು ನಾನು. ಮಹಾದೇವಪ್ಪನವರನ್ನು ಪರದೆಯ ಮೇಲೆ ಇನ್ನೂ ಕಂಡಿಲ್ಲ. ಯಾರಾದರೂ ತೆಗೆದರೆ ಡ್ಯುಯೆಟ್ ಬೇಡ, ಫೈಟೂ ಬೇಡ. ಬಿಸಿಲು, ಗುಡಿಯ ಬಾಗಿಲು, ಒಳಗೊಬ್ಬ ಕಾವಲಿನವ, ಹೊರಗೊಬ್ಬ ಇವರು, ಇಷ್ಟು ಸಾಕು.

ಇದನ್ನೇ ಹೇಳುತ್ತಿದ್ದೆ. ಗೆಳೆಯ ಗುಡಿಯ ಕಡೆಗೇ ನೋಡುತ್ತಿದ್ದ.

‘‘ಗುಂಡು ಹೊಡೆದವನು ಬ್ರಿಟಿಷನೇನೋ?’’ ಅಂದ.

‘‘ಕಾವಲಿಗೆ ಇಂಗ್ಲೆಂಡಿನಿಂದ ಬರ್ತಾರೇನು? ನಮ್ಮವರೇ ಇರಬೇಕು.’’

‘‘ಹಂಗಂದ್ರ, ನನ್ನಂಗ ಮೈದಾನ ಸುತ್ತಿ ಕೆಲಸ ಹಿಡಿದವ...’’

ನನಗೆ ಉತ್ತರ ಹೊಳೆಯಲಿಲ್ಲ. ನಮ್ಮದು ಬೇರೆ ಕಾಲ, ಸ್ವಂತ ಸರ್ಕಾರ ಅಂತೆಲ್ಲ ಏನೋ ತೊದಲಿದೆ. ಅವನು ಕೇಳಿಸಿಕೊಂಡನೋ ಇಲ್ಲವೋ. ಹಾವೇರಿ ಬಸ್ಸು ಬಂತು. ಟವೆಲ್ ಎಸೆಯಲು ಇಬ್ಬರಿಗೂ ಮನಸ್ಸಾಗಲಿಲ್ಲ. ನಿಂತೇ ಬಂದೆವು.

ಮರುದಿನ ಐದು ಗಂಟೆಗೆ ಅವನ ಬೂಟಿನ ಸದ್ದು ಕೇಳಿಸಿತು. ಮೈದಾನಕ್ಕೆ ಹೊರಟಿದ್ದ. ಮೊಬೈಲು ನನ್ನ ಕೈಗಿಟ್ಟು ಅಂದ, ‘‘ಆ ಪಿಕ್ಚರ್ ಅಳಿಸಬ್ಯಾಡ. ಇನ್ನೊಂದ್ಸಲ ನೋಡಬೇಕು.’’