ಅಗಿಯುವ ಕೆಲಸ ಎಲ್ಲಿಗೆ ಹೋಯಿತು?

ಹಳೇ ಮೈಸೂರಿನ ಕಡೆ ರಾಗಿ ಮುದ್ದೆಯನ್ನು ಅಗಿದು ತಿನ್ನುವವರನ್ನು ಕಂಡರೆ ಹಿರಿಯರು ಸುಮ್ಮನಿರುವುದಿಲ್ಲ. ಮುರಿ, ಸಾರಿನಲ್ಲಿ ಹೊರಳಿಸು, ನುಂಗು, ಹಲ್ಲಿಗೆ ತಾಗಿಸಬೇಡ. ನನಗೂ ಅಮ್ಮ ಕಲಿಸಿದ್ದು ಹೀಗೇ. ಬಸ್ಸಾರಿನ ಜೊತೆ ಮುದ್ದೆ ಗಂಟಲಿಗಿಳಿಯುವ ಸುಖ ಉಂಡವರಿಗೇ ಗೊತ್ತು. ಪ್ರಾಣಿಗಳು ತಿನ್ನುವ ಬಗೆಯ ಕುರಿತು ಓದತೊಡಗಿದ ಮೇಲೆ ಈ ಊಟ ನನ್ನೊಳಗೆ ಒಂದು ಪ್ರಶ್ನೆಯನ್ನು ಎಬ್ಬಿಸಿತು. ರಾಗಿ ಗಟ್ಟಿ ಕಾಳು. ಇಡಿಯಾಗಿ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಯಾರಾದರೂ ಅದನ್ನು ಅಗಿಯಲೇಬೇಕು. ನನ್ನ ಬಾಯಿ ಅಗಿಯದಿದ್ದರೆ ಆ ಕೆಲಸ ಮಾಡಿದವರು ಯಾರು?

ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಮೊದಲು ದವಡೆ ಮೂಡಿದ್ದು ಮೀನುಗಳಲ್ಲಿ, 42 ಕೋಟಿ ವರ್ಷಗಳಿಗೂ ಹಿಂದೆ. ಆದರೆ ದವಡೆ ಇದ್ದವರೆಲ್ಲ ಅಗಿಯುವವರಲ್ಲ. ಎಷ್ಟೋ ಮೀನುಗಳು ಬಾಯಿಯನ್ನು ಥಟ್ಟನೆ ಹಿಗ್ಗಿಸಿ ನೀರಿನೊಡನೆ ಬೇಟೆಯನ್ನೂ ಒಳಗೆಳೆದುಕೊಳ್ಳುತ್ತವೆ. ಹಾವು ಸಡಿಲ ದವಡೆಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮುಂದೆ ಸರಿಸುತ್ತ ಇಲಿಯನ್ನು ಇಡಿಯಾಗಿ ಒಳಗಿಳಿಸುತ್ತದೆ. ಮೊಸಳೆ ಹರಿದು ನುಂಗುತ್ತದೆ. ಕೋಳಿ ಕಾಳನ್ನು ನುಂಗಿ, ಹೊಟ್ಟೆಯೊಳಗಿನ ಬಿಗಿ ಸ್ನಾಯುವಿನ ಚೀಲದಲ್ಲಿ ಹರಳುಕಲ್ಲುಗಳ ನಡುವೆ ಪುಡಿ ಮಾಡುತ್ತದೆ. ಬಾಯಲ್ಲೇ ಅರೆಯುವುದನ್ನು ಕಸುಬಾಗಿ ಬೆಳೆಸಿದ್ದು ಮುಖ್ಯವಾಗಿ ಸಸ್ತನಿಗಳ ಕುಲ.

ಅದಕ್ಕಾಗಿ ಆ ಕುಲ ತನ್ನ ತಲೆಯನ್ನೇ ಮರುಜೋಡಿಸಿಕೊಂಡಿತು. ಹಲವು ಮೂಳೆಗಳ ಕೆಳದವಡೆ ಒಂದೇ ಮೂಳೆಯ ಗಟ್ಟಿ ದವಡೆಯಾಯಿತು. ಹಳೆಯ ಕೀಲಿನ ಎರಡು ಮೂಳೆಗಳು ಕುಗ್ಗಿ ಕಿವಿಯೊಳಕ್ಕೆ ಸರಿದವು. ಇವತ್ತು ನಾವು ಕೇಳಿಸಿಕೊಳ್ಳುವುದು ಅವುಗಳ ಮೂಲಕ. ಜರ್ಮನಿಯ ಕಾರ್ಲ್ ರೈಖರ್ಟ್ ಭ್ರೂಣಗಳನ್ನು ಪರೀಕ್ಷಿಸಿ ಈ ನಂಟನ್ನು 1837ರಲ್ಲೇ ಗುರುತಿಸಿದ್ದ. ಹಲ್ಲು ಬರುವ ಕ್ರಮವೂ ಬದಲಾಯಿತು. ಮೊಸಳೆಗೆ ಬದುಕಿನುದ್ದಕ್ಕೂ ಹೊಸ ಹಲ್ಲು ಬರುತ್ತಿರುತ್ತವೆ. ನಮಗೆ ಬರುವುದು ಎರಡೇ ಸಲ: ಹಾಲುಹಲ್ಲು 20, ಆಮೇಲೆ 32. ಅರೆಯಬೇಕಾದರೆ ಮೇಲಿನ ಹಲ್ಲಿನ ಉಬ್ಬು ಕೆಳಗಿನದರ ತಗ್ಗಿಗೆ ಕರಾರುವಾಕ್ಕಾಗಿ ಕೂರಬೇಕು. ಪದೇ ಪದೇ ಬದಲಾಗುವ ಹಲ್ಲುಗಳಿಗೆ ಅದು ಕಷ್ಟ.

ಒಮ್ಮೆ ಹುರಿಗಡಲೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಗಮನಿಸಿ. ನಾವು ಒಂದು ಸಲಕ್ಕೆ ಒಂದೇ ಬದಿಯಲ್ಲಿ ಅಗಿಯುತ್ತೇವೆ. ಕೆಳದವಡೆ ಕೊಂಚ ಹೊರಕ್ಕೆ ವಾಲಿ, ಮೇಲೇರಿ, ಓರೆಯಾಗಿ ಒಳಕ್ಕೆ ಜಾರುತ್ತದೆ. ಇದು ಬೀಸುಕಲ್ಲಿನದೇ ಕೆಲಸ; ಅಲ್ಲಿ ಮೇಲಿನ ಕಲ್ಲು ತಿರುಗುತ್ತದೆ, ಇಲ್ಲಿ ಕೆಳಗಿನದು. ಚೆದುರಿದ ಚೂರುಗಳನ್ನು ನಾಲಿಗೆಯೂ ಕೆನ್ನೆಯೂ ಪ್ರತಿ ಸುತ್ತಿಗೂ ಹಲ್ಲಿನ ಮೇಲಕ್ಕೆ ಮತ್ತೆ ತಳ್ಳುತ್ತವೆ. ಅಷ್ಟು ಬಲದ ದವಡೆಗಳ ನಡುವೆ ಓಡಾಡಿಯೂ ನಾಲಿಗೆ ಕಚ್ಚಿಕೊಳ್ಳುವುದು ಅಪರೂಪ. ಈ ಹೊಂದಾಣಿಕೆ ನನ್ನಲ್ಲಿ ಇಂದಿಗೂ ಬೆರಗು ಹುಟ್ಟಿಸುತ್ತದೆ.

ನಮ್ಮ ವಾನರ ಬಳಗದಲ್ಲಿ ಒಬ್ಬೊಬ್ಬರ ಹಲ್ಲೂ ಅವರವರ ಊಟದ ಗುರುತು. ತುಮಕೂರಿನ ಕಡೆ ಇರುಳಲ್ಲಿ ಕೊಂಬೆ ಹಿಡಿದು ಮೆಲ್ಲಗೆ ಸರಿಯುವ ಕಾಡುಪಾಪದ ಹಲ್ಲುಗಳಿಗೆ ಹುಳುವಿನ ಚಿಪ್ಪು ಚುಚ್ಚುವ ಮೊನೆಗಳಿವೆ. ಎಲೆ ತಿನ್ನುವ ಮುಸುವನ ದವಡೆಹಲ್ಲಿನಲ್ಲಿ ಕತ್ತರಿಸುವ ಏಣುಗಳಿವೆ. ಹಲ್ಲಿಗೆ ಬಗ್ಗದ ನಾರನ್ನು ಅದರ ಹಲವು ಕೋಣೆಗಳ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾಗಳು ಕೊಳೆಸಿ ಕರಗಿಸುತ್ತವೆ. ಹಣ್ಣು, ಕಾಳು ಎಲ್ಲಕ್ಕೂ ಸೈ ಎನ್ನುವ ಮಂಗನ ಹಲ್ಲುಗಳ ಉಬ್ಬು ಮೊಂಡು. ಸಿಕ್ಕಿದ್ದನ್ನು ಕೆನ್ನೆಚೀಲಕ್ಕೆ ತುರುಕಿ, ಆಮೇಲೆ ಬಿಡುವಾಗಿ ಅಗಿಯುತ್ತದೆ.

ಇವರೆಲ್ಲರಿಗೂ ತಿನ್ನುವುದೆಂದರೆ ದುಡಿಮೆ. ಕಾಡಿನ ಚಿಂಪಾಂಜಿ ದಿನಕ್ಕೆ ಸುಮಾರು ಆರು ಗಂಟೆ ಅಗಿಯುತ್ತದೆ. ನಮ್ಮ ಹಳೆಯ ನೆಂಟರಲ್ಲೂ ಅಂಥ ಅಗಿಯುವವರಿದ್ದರು. 1959ರಲ್ಲಿ ಟಾಂಜಾನಿಯದ ಓಲ್ಡುವಾಯ್ ಕಮರಿಯಲ್ಲಿ ಮೇರಿ ಲೀಕಿ ಕಂಡ ತಲೆಬುರುಡೆಯ ನೆತ್ತಿಯ ಮೇಲೆ ದವಡೆಯ ಸ್ನಾಯುಗಳು ಅಂಟಿಕೊಳ್ಳಲೆಂದೇ ಒಂದು ಏಣಿತ್ತು. ದವಡೆಹಲ್ಲುಗಳು ನಮ್ಮವಕ್ಕಿಂತ ಎಷ್ಟೋ ಪಾಲು ಅಗಲ. ಗಟ್ಟಿ ಬೀಜ ಒಡೆಯುತ್ತಿದ್ದವನೆಂದು ಮೊದಲು ಭಾವಿಸಿದರು. ಹಲ್ಲಿನ ಸವೆತವನ್ನೂ ಅದರೊಳಗಿನ ಇಂಗಾಲವನ್ನೂ ಪರೀಕ್ಷಿಸಿದ ಮೇಲೆ, ಹುಲ್ಲು ಜೊಂಡುಗಳ ಜಾತಿಯದನ್ನು ಹೊತ್ತುಗಟ್ಟಲೆ ಅರೆಯುತ್ತಿದ್ದವನೆಂಬ ಚಿತ್ರ ಮೂಡಿತು.

ನಮ್ಮ ಕವಲು ಬೇರೆ ದಾರಿ ಹಿಡಿಯಿತು. ಹಲ್ಲು ಸಣ್ಣದಾಯಿತು, ಮುಖ ಒಳಸರಿಯಿತು. ಇದು ಹೇಗೆ ಸಾಧ್ಯವಾಯಿತೆಂದು ತಿಳಿಯಲು ಹಾರ್ವರ್ಡ್‌ನ ಕ್ಯಾಥರೀನ್ ಜಿಂಕ್ ಮತ್ತು ಡೇನಿಯಲ್ ಲೀಬರ್‌ಮನ್ ಜನರಿಗೆ ಹಸಿ ಆಡಿನ ಮಾಂಸವನ್ನೂ ಗೆಡ್ಡೆಗಳನ್ನೂ ಅಗಿಯಲು ಕೊಟ್ಟು ಅಳೆದರು. ಊಟದ ಮೂರನೇ ಒಂದು ಪಾಲು ಮಾಂಸವಾಗಿ, ಅದನ್ನು ಕಲ್ಲಿನ ಅಲಗಿನಿಂದ ಕೊಯ್ದು, ಗೆಡ್ಡೆಯನ್ನು ಜಜ್ಜಿ ತಿಂದರೆ ಅಗಿತ ಶೇ 17ರಷ್ಟು ಇಳಿಯುತ್ತದೆ, ವರ್ಷಕ್ಕೆ ಸುಮಾರು 25 ಲಕ್ಷ ಸಲ ಅಗಿಯುವುದು ತಪ್ಪುತ್ತದೆ ಎಂದು 2016ರಲ್ಲಿ ಲೆಕ್ಕ ಕೊಟ್ಟರು. ಆಮೇಲೆ ಬೆಂಕಿ ಬಂತು, ಬೇಸಾಯ ಬಂತು. ದವಡೆಯ ಭಾರ ಕೈಗೆ ದಾಟಿತು.

ಯಾರ ಕೈಗೆ? ಇದಕ್ಕೂ ಮೂಳೆಗಳೇ ಉತ್ತರ ಹೇಳುತ್ತವೆ. ಸಿರಿಯಾದ ಯೂಫ್ರೆಟಿಸ್ ದಡದ ಅಬು ಹುರೇರಾದಲ್ಲಿ ಮೊದಮೊದಲ ರೈತರ ಅಸ್ಥಿಗಳನ್ನು ಥಿಯಾ ಮೊಲ್ಲೆಸನ್ ಅಧ್ಯಯನ ಮಾಡಿದರು. ಮಂಡಿಯೂರಿ, ಕಾಲ್ಬೆರಳು ಮಡಚಿ, ಕಾಳು ಅರೆದೂ ಅರೆದೂ ಬೆರಳು, ಮಂಡಿ, ಸೊಂಟ ವಿಕಾರಗೊಂಡಿದ್ದವು. ಹೆಚ್ಚಾಗಿ ಅವು ಹೆಂಗಸರವು. ಮಧ್ಯ ಯುರೋಪಿನ ನವಶಿಲಾಯುಗದ ಹೆಂಗಸರ ತೋಳಿನ ಮೂಳೆ ಇಂದಿನ ಕೇಂಬ್ರಿಜ್‌ನ ದೋಣಿ ಸ್ಪರ್ಧೆಯ ಯುವತಿಯರದಕ್ಕಿಂತ ಗಟ್ಟಿಯಾಗಿತ್ತೆಂದು 2017ರ ಅಧ್ಯಯನವೊಂದು ತೋರಿಸಿತು. ದಿನವೂ ಗಂಟೆಗಟ್ಟಲೆ ಕಾಳು ಬೀಸಿದ್ದು ಅದಕ್ಕೊಂದು ಕಾರಣವಿರಬೇಕೆಂದು ಸಂಶೋಧಕರು ಊಹಿಸಿದರು. ಬಳ್ಳಾರಿ ಬಳಿಯ ಸಂಗನಕಲ್ಲಿನ ಬಂಡೆಗಳ ಮೇಲೂ ಆ ಯುಗದ ಅರೆತದ ಗುಳಿಗಳಿವೆ.

ನನ್ನ ಅಜ್ಜಿಯ ಅಂಗೈ ಬೀಸುಕಲ್ಲಿನ ಗೂಟಕ್ಕೆ ಒಗ್ಗಿ ಜಡ್ಡುಗಟ್ಟಿತ್ತು. ಕೋಳಿ ಕೂಗುವ ಮುಂಚೆ ಎದ್ದು, ಪದ ಹೇಳುತ್ತ, ಮನೆಮಂದಿಯ ಅಷ್ಟೂ ರಾಗಿಯನ್ನು ಅವಳೇ ಬೀಸುತ್ತಿದ್ದಳು. ಆ ಪದಗಳನ್ನು ಜನಪದದ ಸಿರಿಯೆಂದು ನಾವು ಮೆಚ್ಚಿಕೊಳ್ಳುತ್ತೇವೆ, ಮೆಚ್ಚಲೇಬೇಕು. ಆದರೆ ಆ ಹಾಡಿನಡಿ ಇದ್ದದ್ದು ಇಡೀ ಮನೆಯ ದವಡೆಗಳ ಪಾಲಿನ ದುಡಿಮೆ. ನಾವು ಅಗಿಯದೆ ನುಂಗಿದ ಒಂದೊಂದು ತುತ್ತನ್ನೂ ಅವಳ ತೋಳು ಅಗಿದಿತ್ತು.

ಈಗ ಮಿಲ್ಲು, ಮಿಕ್ಸಿ ಬಂದಿವೆ. ಆದರೂ ಹೆಚ್ಚಿ, ರುಬ್ಬಿ, ಬೇಯಿಸಿ, ಉಣ್ಣುವವರ ಬಾಯಿಗೆ ಹಗುರ ಮಾಡಿಕೊಡುವ ಹೊಣೆ ಬಹಳ ಮನೆಗಳಲ್ಲಿ ಇನ್ನೂ ಹೆಂಗಸರದೇ. ಮನುಷ್ಯನ ದವಡೆ ಚಿಕ್ಕದಾಯಿತು, ಹೊತ್ತು ಉಳಿಯಿತು, ಆ ಬಿಡುವಿನಲ್ಲಿ ನಾಗರಿಕತೆ ಬೆಳೆಯಿತು ಎಂದು ಬರೆಯುವಾಗ, ಆ ಹೊತ್ತನ್ನು ತೆತ್ತವರನ್ನೂ ಅದೇ ಪುಟದಲ್ಲಿ ಬರೆಯಬೇಕು. ಅಡುಗೆಮನೆಯ ಕೆಲಸವನ್ನು ಮನೆಯವರೆಲ್ಲ ಹಂಚಿಕೊಳ್ಳಬೇಕು ಎನ್ನುವುದಕ್ಕೆ ನನಗೆ ಇದಕ್ಕಿಂತ ಹಳೆಯ ಕಾರಣ ಬೇಕಿಲ್ಲ: ಬೆಳೆದ ಚಿಂಪಾಂಜಿ, ಮುಸುವ, ಮಂಗ, ಎಲ್ಲರೂ ತಮ್ಮ ತುತ್ತನ್ನು ತಾವೇ ಅಗಿಯುತ್ತಾರೆ.