ಈ ಸಲ ಎಲ್ಲಿಗೆ?

ನವೆಂಬರ್ ಮುಗಿಯುತ್ತಿದ್ದಂತೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬರತೊಡಗುತ್ತದೆ. ದೇವದುರ್ಗದಿಂದ, ಮಾನ್ವಿಯಿಂದ, ರಾಯಚೂರಿನ ನಮ್ಮ ಓಣಿಯಿಂದ. "ಈ ಸಲ ಎಲ್ಲಿಗ್ರಿ?"

ಇದು ಶುರುವಾದದ್ದು 2006ರಲ್ಲಿ. ನಮ್ಮ ಓಣಿಯ ನಿವೃತ್ತ ಮಾಸ್ತರೊಬ್ಬರು ಹದಿನೇಳು ಸೀಟಿನ ಟೆಂಪೊ ಬಾಡಿಗೆ ಹಿಡಿದು, ಪರಿಚಯದವರನ್ನೆಲ್ಲ ಸೇರಿಸಿ ಹಂಪಿಗೆ ಕರೆದೊಯ್ದರು. ಹಿಂದೂಗಳಿದ್ದರು, ಮುಸ್ಲಿಮರಿದ್ದರು. ಹೆಚ್ಚಿನವರು ಪೆನ್ಷನ್ ತಗೊಳ್ಳುವವರು, ವಿಧವೆಯರು, ಮಕ್ಕಳು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಮನೆಯಲ್ಲಿ ಒಂಟಿಯಾದವರು. ಹಿಟ್ಟಿನ ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಪ್ಪಿನಕಾಯಿ. ಆ ವರ್ಷ ಬಂದವರೇ ಮರುವರ್ಷವೂ ಬಂದರು. ಯಾರು ಎಲ್ಲಿ ಕೂಡಬೇಕೆಂಬುದೂ ಗಟ್ಟಿಯಾಯಿತು. ಮಾನ್ವಿಯ ಖಾಲಾ ಎರಡನೇ ಸಾಲಿನ ಕಿಟಕಿ. ದೇವದುರ್ಗದ ಕಾಂಪೌಂಡರ್ ಕಾಕಾ ಡ್ರೈವರ್ ಪಕ್ಕ. ನಾನು ಹಿಂದೆ, ಸಾಮಾನಿನ ಜೊತೆ. ಹೆಸರು ಬರೆದುಕೊಳ್ಳುವುದು, ಹಣ ಕೂಡಿಸುವುದು ನನ್ನ ಕೆಲಸ.

ಊರುಗಳೂ ಗಟ್ಟಿಯಾದವು. ಹಂಪಿ, ಬಿಜಾಪುರ, ಗುಲ್ಬರ್ಗ, ಹೈದರಾಬಾದ್. ನಾಲ್ಕು ವರ್ಷಕ್ಕೆ ಒಂದು ಸುತ್ತು. ಐದನೇ ವರ್ಷ ಮತ್ತೆ ಹಂಪಿ ಎಂದಾಗ ಖಾಲಾ ನಕ್ಕಳು. "ಫಿರ್ ವೋಹೀಚ್ ಹಂಪಿ? ಆ ಕಲ್ಲಿನ ರಥಕ್ಕ ನನ್ನ ಗುರುತು ಸಿಕ್ಕೈತಿ ಈಗ."

ಮಾಸ್ತರರ ಲೆಕ್ಕ ತಪ್ಪಿರಲಿಲ್ಲ. ಬಿಜಾಪುರದ ಲಾಡ್ಜಿನವನು ನಮಗಾಗಿ ಕೆಳಗಿನ ಕೋಣೆಗಳನ್ನು ತೆಗೆದಿಡುತ್ತಿದ್ದ. ಯಾವ ಹೋಟೆಲಿನಲ್ಲಿ ಹೆಂಗಸರಿಗೆ ಹೋಗುವಂಥ ಶೌಚಾಲಯವಿದೆ, ಎಲ್ಲಿ ಮೆಟ್ಟಿಲು ಕಡಿಮೆ, ಎಲ್ಲಿ ನಮಾಜಿಗೆ ಜಾಗವಿದೆ, ಎಲ್ಲವೂ ಅವರಿಗೆ ಬಾಯಿಪಾಠ. ನಮ್ಮಲ್ಲಿ ಐವರಿಗೆ ಸಕ್ಕರೆ ಕಾಯಿಲೆ, ಮೊಣಕಾಲು ಎಲ್ಲರದೂ ಹೋಗಿತ್ತು. "ಹೊಸ ಊರು ಅಂದ್ರ ಹೊಸ ತ್ರಾಸು" ಎನ್ನುತ್ತಿದ್ದರು ಮಾಸ್ತರು. ಹೇಗೂ ಇವರು ಬಂದೇ ಬರುತ್ತಾರೆ ಎಂಬ ಧೈರ್ಯವೂ ಅವರಿಗಿತ್ತು. ನನಗೂ ಇತ್ತು.

ಕಾಂಪೌಂಡರ್ ಕಾಕಾ ಮಾತ್ರ ಪ್ರತಿ ವರ್ಷ ಹಣ ಕೊಡುವಾಗ ಒಂದು ಮಾತು ಹೇಳುವರು. "ಹುಟ್ಟಿದಾಗಿಂದ ನಮ್ಮ ಕೃಷ್ಣಾ ಹರಿದು ಹೋಗೋದು ನೋಡೀನಿ. ಎಲ್ಲಿಗೆ ಹೋಗ್ತಾಳ ಅಂತ ನೋಡಿಲ್ಲ. ಒಮ್ಮೆ ಆಕಿ ಹಿಂದ ಹೋಗೂಣ್ರಿ. ದೋಣ್ಯಾಗ ಕೂಡೂಣು."

ಅದಕ್ಕೆ ಖಾಲಾ ಸುಮ್ಮನಿರುತ್ತಿರಲಿಲ್ಲ. "ಕೃಷ್ಣಾ ಯಾಕ್ರಿ? ನಮ್ಮ ತುಂಗಭದ್ರಾ ಏನು ಕಡಿಮಿ?" ಇಬ್ಬರ ಜಗಳ ಟೆಂಪೊ ಲಿಂಗಸುಗೂರು ದಾಟುವವರೆಗೆ ನಡೆಯುತ್ತಿತ್ತು.

ನಮ್ಮದು ಎರಡು ನದಿಗಳ ನಡುವಿನ ಸೀಮೆ. ನಾನು ಓದಿದ ಉರ್ದು ಶಾಲೆಯಲ್ಲಿ ಉಸ್ತಾದರು 'ದೋಆಬ್' ಎಂದು ಬರೆಸಿ, ದೋ ಎಂದರೆ ಎರಡು, ಆಬ್ ಎಂದರೆ ನೀರು ಎಂದಿದ್ದರು. ಮುಂದೆ ಕನ್ನಡ ಮೇಷ್ಟ್ರು ಅದೇ ನೆಲಕ್ಕೆ 'ಎಡೆದೊರೆ' ಎಂಬ ಹಳೆಯ ಹೆಸರಿದೆ, ತೊರೆಗಳ ನಡುವಿನ ನಾಡು ಎಂದು ಹೇಳಿಕೊಟ್ಟರು. ಎರಡು ಭಾಷೆಯಲ್ಲಿ ಒಂದೇ ಅರ್ಥ. ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿಗಳೂ ತಲೆಮಾರುಗಳ ಕಾಲ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲ್ ಶಾಹನೂ ರಾಯಚೂರಿಗಾಗಿಯೇ ಯುದ್ಧ ಮಾಡಿದರು. ಅಂಥ ಎರಡು ನೀರಿನ ನಡುವೆ ಹುಟ್ಟಿದ ನಮ್ಮಲ್ಲಿ ಎಷ್ಟು ಜನ ದೋಣಿ ಹತ್ತಿದ್ದೇವೆ? ಕುರುವಪುರದ ನಡುಗಡ್ಡೆಗೆ ಹೋಗುವವರು ಹರಿಗೋಲು ಹತ್ತುತ್ತಾರೆ, ನದಿಯಾಚೆ ಹೊಲ ಇದ್ದವರು ಹತ್ತುತ್ತಾರೆ. ಉಳಿದ ನಾವು ಸೇತುವೆಯ ಮೇಲೆ ಬಸ್ಸಿನ ಕಿಟಕಿಯಿಂದ ಒಂದು ರೂಪಾಯಿ ನಾಣ್ಯ ಎಸೆದು ಮುಂದೆ ಹೋಗುವವರು.

ಖಾಲಾಗೆ ನೀರಿನ ಆಸೆ ಬಂದದ್ದು ಬೇರೆ ದಾರಿಯಿಂದ. ಆಕೆ ಏಳೆಂಟು ವರ್ಷದವಳಿದ್ದಾಗ ಅಬ್ಬಾ ಹಜ್‌ಗೆ ಹೋದರು. ರಾಯಚೂರು ಸ್ಟೇಷನ್ನಿನಲ್ಲಿ ಬೊಂಬಾಯಿ ರೈಲು ಹತ್ತಿ, ಅಲ್ಲಿಂದ ಹಡಗಿನಲ್ಲಿ ಜಿದ್ದಾ. ಬಂದ ಮೇಲೆ ಮೆಕ್ಕಾ, ಮದೀನಾದ ಜೊತೆಗೆ ಹಡಗಿನ ಮಾತನ್ನೂ ತಿಂಗಳುಗಟ್ಟಲೆ ಹೇಳಿದರಂತೆ. ಬೆಳಿಗ್ಗೆ ಎದ್ದರೂ ನೀರು, ರಾತ್ರಿ ಮಲಗಿದರೂ ನೀರು. ದೊಡ್ಡವಳಾದ ಮೇಲೆ ನಿನ್ನನ್ನೂ ಹಡಗಿನಲ್ಲಿ ಕರೆದೊಯ್ಯುತ್ತೇನೆ ಎಂದಿದ್ದರು. ಅಬ್ಬಾ ಹೋದರು. 1995ರಲ್ಲಿ ಬೊಂಬಾಯಿಯಿಂದ ಹಜ್‌ಗೆ ಹೋಗುತ್ತಿದ್ದ ಹಡಗೂ ನಿಂತಿತು. ಖಾಲಾ ಮಗನ ದುಡಿಮೆಯಲ್ಲಿ ವಿಮಾನದಲ್ಲಿ ಹೋಗಿ ಬಂದಳು. "ಅಲ್ಲಾಹನ ಮನಿ ನೋಡಿದೆ, ಅದಕ್ಕಿಂತ ಇನ್ನೇನು ಬೇಕು? ಆದ್ರ ದಾರಿ ನೋಡಲಿಲ್ಲಪ್ಪ. ಮೋಡದ ಮ್ಯಾಲೆ ಹೋಗಿ ಮೋಡದ ಮ್ಯಾಲೇ ಬಂದೆ" ಎನ್ನುತ್ತಿದ್ದಳು.

ಇಬ್ಬರ ಮಾತಿಗೂ ನನ್ನ ಉತ್ತರ ಒಂದೇ ಆಗಿತ್ತು. "ಮುಂದಿನ ವರ್ಷ ನೋಡೋಣ."

2018ರ ಬೇಸಿಗೆಯಲ್ಲಿ ಕಾಂಪೌಂಡರ್ ಕಾಕಾ ತೀರಿಕೊಂಡರು. ಮಾಸ್ತರು, ನಾನು ದೇವದುರ್ಗಕ್ಕೆ ಹೋದೆವು. ಕಾಕಿ ಒಳಗಿನಿಂದ ಒಂದು ಸಣ್ಣ ಡೈರಿ ತಂದು ನನ್ನ ಕೈಗಿಟ್ಟರು. "ನಿಮ್ಮ ಟೂರಿನ ಲೆಕ್ಕ ಐತಿ ನೋಡ್ರಿ, ಏನರ ಬಾಕಿ ಇದ್ದರ ಹೇಳ್ರಿ." ಬಾಕಿ ಇರಲಿಲ್ಲ. ಪ್ರತಿ ವರ್ಷದ ಊರು, ಕೊಟ್ಟ ಹಣ, ಲಾಡ್ಜಿನ ಖರ್ಚು, ಎಲ್ಲ ಮಾತ್ರೆಯ ಲೆಕ್ಕದಷ್ಟು ಚೊಕ್ಕ. ಪ್ರತಿ ವರ್ಷದ ಲೆಕ್ಕದ ಕೆಳಗೆ ಅದೇ ಅಕ್ಷರದಲ್ಲಿ ಒಂದು ಸಾಲು: ನದಿ, ಮುಂದಿನ ವರ್ಷ. ಎಣಿಸಿದೆ. ಆರು ಸಲ ಇತ್ತು.

ಕಥೆ ಬರೆಯುವವನು ನಾನು. ಜನರ ಮನಸ್ಸಿನೊಳಗೆ ಏನಿದೆ ಎಂದು ಬಲ್ಲವನಂತೆ ಪುಟ ತುಂಬಿಸಿದವನು. ಪಕ್ಕದಲ್ಲೇ ಕೂತು ಬಾಯಿಬಿಟ್ಟು ಕೇಳಿದ ಮನುಷ್ಯನ ಮಾತು ನನಗೆ ಕೇಳಿಸಿರಲಿಲ್ಲ. ವಾಪಸು ಬರುವ ದಾರಿಯಲ್ಲಿ ಮಾಸ್ತರು ಗಬ್ಬೂರು ಬರುವವರೆಗೆ ಮಾತಾಡಲಿಲ್ಲ. ಆಮೇಲೆ, "ಎಲ್ಲಿಗೆ ಹೋಗ್ತಾಳಂತ ಆಕಿ?" ಎಂದರು. ಕೃಷ್ಣೆಯ ಬಗ್ಗೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಆ ಡಿಸೆಂಬರಿನಲ್ಲಿ ನಾಗಾರ್ಜುನಸಾಗರಕ್ಕೆ ಹೋದೆವು. ಮಹಬೂಬನಗರದ ಮೇಲೆ ದೂರದ ದಾರಿ. ಕತ್ತಲಲ್ಲೇ ಹೊರಟೆವು. ಲಾಡ್ಜು ಸರಿಯಿರಲಿಲ್ಲ, ಮೇಲಿನ ಕೋಣೆ ಸಿಕ್ಕಿತು, ಊಟಕ್ಕೆ ಖಾರ ಹೆಚ್ಚು. ಮಾಸ್ತರು ಹೇಳಿದ ಹೊಸ ತ್ರಾಸುಗಳೆಲ್ಲ ಒಂದೂ ಬಿಡದೆ ಬಂದವು. ಯಾರೂ ದೂರಲಿಲ್ಲ. ಡ್ರೈವರ್ ಪಕ್ಕದ ಸೀಟಿನಲ್ಲಿ ಕಾಕಿ ಕೂತಿದ್ದರು. ಅದುವರೆಗೆ ಒಮ್ಮೆಯೂ ನಮ್ಮ ಜೊತೆ ಬಂದವರಲ್ಲ.

ಮರುದಿನ ನಾಗಾರ್ಜುನಕೊಂಡದ ಲಾಂಚ್ ಹತ್ತಿದೆವು. ಅಣೆಕಟ್ಟು ಕಟ್ಟಿದಾಗ ಇಕ್ಷ್ವಾಕುಗಳ ವಿಜಯಪುರಿಯ ಕಣಿವೆ ಮುಳುಗಿತು. ಅದಕ್ಕೂ ಮೊದಲು ಅಲ್ಲಿ ಅಗೆದು, ಸಿಕ್ಕ ಬೌದ್ಧ ಶಿಲ್ಪಗಳನ್ನೂ ಕಟ್ಟಡಗಳ ಅವಶೇಷಗಳನ್ನೂ ಗುಡ್ಡದ ತುದಿಗೆ ಸಾಗಿಸಿದ್ದರು. ಆ ತುದಿಯೇ ಈಗ ದ್ವೀಪ. ಮಾಸ್ತರು ಇದನ್ನೆಲ್ಲ ವಿವರಿಸುತ್ತಿದ್ದರು. ಕೇಳುವವರು ಯಾರೂ ಇರಲಿಲ್ಲ. ಎಲ್ಲರೂ ನೀರು ನೋಡುತ್ತಿದ್ದರು.

ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟನ್ನು ಬುರ್ಖಾದ ಮೇಲೆ ಬಿಗಿದುಕೊಂಡ ಖಾಲಾ ಕಂಬಿ ಹಿಡಿದು ನಿಂತಿದ್ದಳು. ದಂಡೆ ದೂರವಾಗುತ್ತಿದ್ದಂತೆ ಕಾಕಿಯ ಕಡೆ ತಿರುಗಿ, "ಇದು ನಿಮ್ಮ ನೀರೋ ನಮ್ಮ ನೀರೋ?" ಎಂದು ಕೇಳಿದಳು. ತುಂಗಭದ್ರೆ ಆಲಂಪುರ ದಾಟಿದ ಮೇಲೆ ಕೃಷ್ಣೆಯನ್ನು ಸೇರಿಬಿಡುತ್ತಾಳೆ, ಇಲ್ಲಿ ಎರಡೂ ಒಂದೇ ಎಂದು ನಾನು ಹೇಳಿದೆ. ಖಾಲಾ ಬಹಳ ಹೊತ್ತು ಸುಮ್ಮನಿದ್ದು, "ಅದನ್ನ ಆ ಕಾಂಪೌಂಡರ್‌ಗೆ ಯಾರು ಹೇಳಬೇಕು ಈಗ?" ಎಂದಳು. ಕಾಕಿ ಸೆರಗಿನಿಂದ ಮುಖ ಒರೆಸಿಕೊಂಡರು. ಗಾಳಿಗೆ ಹನಿ ಹಾರುತ್ತಿದ್ದವು, ಎಲ್ಲರ ಮುಖವೂ ಒದ್ದೆಯಿತ್ತು.

ಮಾಸ್ತರರ ಅಂಜಿಕೆ ಸುಳ್ಳೂ ಆಗಿರಲಿಲ್ಲ. ಮರುವರ್ಷ, 2019ರ ಸೆಪ್ಟೆಂಬರಿನಲ್ಲಿ, ಗೋದಾವರಿಯಲ್ಲಿ ಪ್ರವಾಸಿ ಬೋಟು ಮುಳುಗಿ ಹಲವರು ಸತ್ತರು. 2020ರ ಆಗಸ್ಟಿನಲ್ಲಿ ನಮ್ಮ ಕೃಷ್ಣೆಯಲ್ಲೇ ತೆಪ್ಪ ಮಗುಚಿ ನಾಲ್ವರು ಕೊಚ್ಚಿಹೋದರು. ಆ ನಾಲ್ವರು ಹೊಸ ಊರು ನೋಡಲು ಹೊರಟವರಲ್ಲ, ದಿನದ ದಾರಿಯಲ್ಲಿ ಹೊರಟವರು. ಅವರಿಗೆ ಜಾಕೆಟ್ಟೂ ಇರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ನಾನು ನೀರನ್ನು ಹೊಗಳುವಾಗ ಅವರನ್ನು ಮರೆಯುವುದು ಸರಿಯಲ್ಲ.

2023ರ ಜನವರಿಯಲ್ಲಿ ಗಂಗಾ ವಿಲಾಸ್ ಎಂಬ ಹಡಗು ವಾರಾಣಸಿಯಿಂದ ಹೊರಟ ಸುದ್ದಿಯನ್ನು ಮಾಸ್ತರು ನಮಗೆ ಓದಿ ಹೇಳಿದರು. ಮೂವತ್ತಾರು ಜನರಿಗಷ್ಟೇ ಜಾಗ, 51 ದಿನ, ಬಾಂಗ್ಲಾದೇಶದ ಮೇಲೆ ಹಾಯ್ದು ದಿಬ್ರುಗಢದವರೆಗೆ 3,200 ಕಿಲೋಮೀಟರ್. ಮೊದಲ ಪಯಣಕ್ಕೆ ಬಂದವರು ಸ್ವಿಟ್ಜರ್ಲೆಂಡಿನವರು. ಇಂಥ ಸಣ್ಣ ಹಡಗುಗಳಲ್ಲಿ ಹೋದವರೇ ಮತ್ತೆ ಮತ್ತೆ ಹೋಗುತ್ತಾರಂತೆ, ಪ್ರತಿ ಸಲ ಹೊಸ ದಾರಿ ಕೇಳುತ್ತಾರಂತೆ, ಕಂಪನಿಗಳು ಹೊಸ ನದಿ, ಹೊಸ ಬಂದರು ಹುಡುಕುತ್ತವಂತೆ. ಲಕ್ಷಗಳ ಮಾತು ಕೇಳಿ ಎಲ್ಲರೂ ನಕ್ಕರು. ಖಾಲಾ ಮಾತ್ರ ನಗಲಿಲ್ಲ. "ರೊಕ್ಕ ಇದ್ದವರೂ ನಮ್ಮಂಗ ಕೇಳ್ತಾರ ಹಂಗಾರ" ಎಂದಳು.

ಹೌದು, ಕೇಳುತ್ತಾರೆ. ಹಳೆಯ ಜೊತೆ ಬೇಕು, ಹೊಸ ದಾರಿಯೂ ಬೇಕು. ಬಿಟ್ಟು ಹೋಗದೆ ವರ್ಷ ವರ್ಷವೂ ಬರುವವನನ್ನು, ಇವನಿಗೆ ಹಳತೇ ಸಾಕು ಎಂದುಕೊಳ್ಳುವುದು ಸುಲಭ. ಅಂಗಡಿಯವನೂ ಹಾಗೇ ಅಂದುಕೊಳ್ಳುತ್ತಾನೆ, ಮನೆಯವರೂ ಹಾಗೇ.

ಮಾಸ್ತರಿಗೆ ಈಗ ಎಂಬತ್ತು ದಾಟಿದೆ. ಪಟ್ಟಿ, ಹಣ, ದಾರಿ ಎಲ್ಲ ನನ್ನದೇ. ಮೊನ್ನೆ ಖಾಲಾಳ ಫೋನ್ ಬಂತು. ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬಹುದು, ಮಳೆಗಾಲದಲ್ಲಿ ಬೋಟು ಬಿಡುವುದಿಲ್ಲ, ಡಿಸೆಂಬರಿನಲ್ಲಿ ಸಮುದ್ರ ಶಾಂತ ಇರುತ್ತದೆ ಎಂದೆ.

"ಸಮುದ್ರ ಅಂದ್ರ ಆ ಕಡಿ ದಂಡಿ ಕಾಣಂಗಿಲ್ಲ, ಹೌದಿಲ್ಲೋ?"

"ಕಾಣಂಗಿಲ್ಲ ಖಾಲಾ. ಅಬ್ಬಾ ಹೋದ ಸಮುದ್ರನೇ ಅದು."

"ಮುಂದಿನ ವರ್ಷನಾ?"

"ಅಲ್ಲ," ಎಂದೆ, "ಈ ವರ್ಷ." ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ ಬರೆದೆ.