ಲಲಿತಮಹಲ್ ರಸ್ತೆಗೊಂದು ಸೈಕಲ್ಲು

ಮೈಸೂರಿನ ಲಲಿತಮಹಲ್ ರಸ್ತೆಯನ್ನು ಬೆಳಿಗ್ಗೆ ಆರು ಗಂಟೆಗೆ ನೋಡಬೇಕು. ದೂರದಲ್ಲಿ ಬೆಳ್ಳಗೆ ಅರಮನೆ. ವೈಸರಾಯ್ ಬಂದರೆ ತಂಗಲೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಕಟ್ಟಿಸಲು ಶುರುಮಾಡಿದ್ದು, ಈಗ ಹೋಟೆಲ್. ಪಕ್ಕಕ್ಕೆ ಕತ್ತು ಹೊರಳಿಸಿದರೆ ಚಾಮುಂಡಿ ಬೆಟ್ಟ. ಬಿಗಿಯಾದ ಬಟ್ಟೆ, ಹೆಲ್ಮೆಟ್ ತೊಟ್ಟ ಹುಡುಗರು ಸಣ್ಣ ಟೈರಿನ ಸೈಕಲ್ಲುಗಳಲ್ಲಿ ಸರ್ರನೆ ಬೆಟ್ಟದ ಕಡೆ ಹೋಗುತ್ತಾರೆ. ಉಳಿದವರು ನಿಧಾನಸ್ಥರು. ಈ ರಸ್ತೆಯ ಏರು ಕಣ್ಣಿಗೆ ಅಷ್ಟಾಗಿ ಕಾಣದು, ಪೆಡಲ್ ತುಳಿಯುವ ಕಾಲಿಗೆ ಮಾತ್ರ ಗೊತ್ತಾಗುತ್ತದೆ.

ನಮ್ಮ ಮನೆಗೆ ಸೈಕಲ್ಲು ಬೇಕಾದದ್ದು ಈ ರಸ್ತೆಗಾಗಿ. ನನ್ನ ಸೊಸೆ ಪಿಯುಸಿ ಮುಗಿದ ಮೇಲೆ ಸೈಕಲ್ ಮುಟ್ಟಿರಲಿಲ್ಲ. 2017ರಲ್ಲಿ ಊರಿಗೆ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲು ಬಂದಾಗಲೂ ನೋಡಿ ನಕ್ಕು ಸುಮ್ಮನಾದವಳು. ಈಗ ಮಂಡಿ ಹಿಡಿಯಲು ಶುರುವಾಗಿ, ಡಾಕ್ಟರು ಹಗುರವಾಗಿ ಸೈಕಲ್ ತುಳಿಯಿರಿ ಎಂದಿದ್ದರು. ಬೆಳಿಗ್ಗೆ ಅವಳಿಗೆ, ಸಂಜೆ ಎಂಟನೇ ತರಗತಿಯ ಮೊಮ್ಮಗಳಿಗೆ, ಇಬ್ಬರಿಗೂ ಒಂದೇ ಸೈಕಲ್ಲು. ಎಲ್ಲ ಸೇರಿ ₹12,000 ಮೀರಬಾರದು. ಒಂದು ತಿಂಗಳು ಓಡಿ, ಆಮೇಲೆ ಬಟ್ಟೆ ಒಣಹಾಕುವ ಸ್ಟ್ಯಾಂಡಾದ ಸೈಕಲ್ಲುಗಳು ನಮ್ಮ ಬೀದಿಯಲ್ಲೇ ನಾಲ್ಕಿವೆ. ನಮ್ಮದು ಐದನೆಯದಾಗಬಾರದು ಎಂಬುದೇ ನನ್ನ ಚಿಂತೆ.

“ತಾತ, ಮೌಂಟನ್ ಬೈಕೇ ಬೇಕು” ಎಂದಳು ಮೊಮ್ಮಗಳು. ಬೆಟ್ಟ ಹತ್ತದವರಿಗೆ ಬೆಟ್ಟದ ಸೈಕಲ್ಲೇಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಅದರ ಕಥೆಯೇ ಸ್ವಾರಸ್ಯ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಗುಡ್ಡದ ಮೇಲಕ್ಕೆ ಸಾಗಿಸಿ, ಮಣ್ಣುದಾರಿಯಲ್ಲಿ ಕೆಳಕ್ಕೆ ಬಿಡುತ್ತಿದ್ದರು. ಬ್ರೇಕು ಹಿಂದಿನ ಚಕ್ರದ ಗುಂಬದ ಒಳಗಿತ್ತು. ಕೆಳಗೆ ತಲುಪುವಷ್ಟರಲ್ಲಿ ಅದು ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗುತ್ತಿತ್ತು. ಮತ್ತೆ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಹಾಗಾಗಿ ಆ ಇಳಿಜಾರಿಗೇ ‘ರೀಪ್ಯಾಕ್’ ಎಂದು ಹೆಸರು ಬಿತ್ತು, ಅಂದರೆ ‘ಮತ್ತೆ ತುಂಬು’! ಆ ಸಾಹಸದಿಂದ ನಮಗೆ ಸಿಕ್ಕಿದ್ದು ದಪ್ಪ ಟೈರು, ನೇರ ಹ್ಯಾಂಡಲ್ಲು, ಏರಿನಲ್ಲಿ ಹಗುರವಾಗುವ ಗೇರು. ಹಂಪು, ಹಳ್ಳ, ಅಗೆದು ಮುಚ್ಚಿದ ರಸ್ತೆ ಇರುವ ಕಡೆ ಈ ಮೂರೂ ಬೇಕು. ಮೊಮ್ಮಗಳ ಆಸೆ ತಪ್ಪಲ್ಲ ಎನ್ನಿಸಿತು.

ಇನ್ನು ‘ಲೇಡೀಸ್’ ಎಂಬ ಮಾತು. ನಮ್ಮ ಕಾಲದ ಲೇಡೀಸ್ ಸೈಕಲ್ಲಿಗೆ ಅಡ್ಡಬಾರ್ ಇರುತ್ತಿರಲಿಲ್ಲ, ಸೀರೆಯ ಸೆರಗು ಸಿಕ್ಕದಂತೆ ಹಿಂದಿನ ಚಕ್ರಕ್ಕೆ ಬಲೆ ಇರುತ್ತಿತ್ತು. ಈಗ ಅಂಗಡಿಗಳಲ್ಲಿ ಎಷ್ಟೋ ಸಲ ಗುಲಾಬಿ ಬಣ್ಣ ಬಳಿದರೆ ಅದೇ ಲೇಡೀಸ್. ಬಣ್ಣ ತುಳಿಯುವುದಿಲ್ಲವಲ್ಲ! 1980ರ ದಶಕದಲ್ಲಿ ಅಮೆರಿಕದ ಜಾರ್ಜೀನಾ ಟೆರಿ ಎಂಬ ಎಂಜಿನಿಯರ್ ಮಹಿಳೆ, ಕುಳ್ಳಗಿನ ಹೆಂಗಸರಿಗೆ ಹ್ಯಾಂಡಲ್ಲು ದೂರವಾಗುವುದನ್ನು ಕಂಡು, ಮುಂದಿನ ಚಕ್ರವನ್ನೇ ಚಿಕ್ಕದು ಮಾಡಿ ಸೈಕಲ್ ಕಟ್ಟಿದರು. ನೋಡಬೇಕಾದದ್ದು ಆ ಅಳತೆಯನ್ನು.

ಅಂಗಡಿಯವರು 29 ಇಂಚಿನದನ್ನೇ ಮುಂದೆ ತಳ್ಳಿದರು. ಅದು ಚಕ್ರದ ಅಳತೆ, ಫ್ರೇಮಿನ ಅಳತೆಯೇ ಬೇರೆ. ಸೊಸೆಯ ಎತ್ತರ 5 ಅಡಿ 1 ಇಂಚು, ಮೊಮ್ಮಗಳು ಅವಳ ಕಿವಿಯವರೆಗೆ ಬಂದಿದ್ದಾಳೆ. ಸೀಟಿನ ಮುಂದೆ, ಬಾರಿನ ಎರಡು ಕಡೆ ಕಾಲಿಟ್ಟು ನಿಂತರೆ ಬಾರಿಗೂ ಮೈಗೂ ನಡುವೆ ಕನಿಷ್ಠ 2 ಇಂಚು ಬಿಡುವಿರಬೇಕು. 29ರಲ್ಲಿ ತಾಯಿಯೇ ತುದಿಗಾಲಲ್ಲಿ ನಿಂತಳು. 26 ಇಂಚಿನ ಚಕ್ರದ, ಬಾರ್ ಹಿಂದಕ್ಕೆ ಇಳಿಜಾರಾಗಿದ್ದ ಚಿಕ್ಕ ಫ್ರೇಮು ಇಬ್ಬರಿಗೂ ಸರಿಹೋಯಿತು. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಮಡಿಸಿರಬೇಕು. ಬ್ರೇಕಿನ ಹಿಡಿ ಮೊಮ್ಮಗಳ ಬೆರಳಿಗೆ ದೂರವಾಗಿತ್ತು. ಹಿಡಿಯ ಬುಡದ ಪುಟ್ಟ ಸ್ಕ್ರೂ ತಿರುಗಿಸಿದರೆ ಅದು ಹತ್ತಿರ ಬರುತ್ತದೆ. ನಾವು ಕೇಳಿದ ಮೇಲೆ ಮಾಡಿಕೊಟ್ಟರು.

ಮೊಮ್ಮಗಳ ಕಣ್ಣು ಮಾತ್ರ ಹಿಂದೆ ಮುಂದೆ ಸ್ಪ್ರಿಂಗ್ ಇರುವ ಸೈಕಲ್ಲಿನ ಮೇಲೆ. ಎರಡನ್ನೂ ಎತ್ತಿ ನೋಡು ಎಂದೆ. ಸ್ಪ್ರಿಂಗಿನದು ನೆಲ ಬಿಡಲಿಲ್ಲ. ಅಗ್ಗದ ಸ್ಪ್ರಿಂಗು ಭಾರ ಹೆಚ್ಚಿಸುತ್ತದೆ, ಹಿಂದಿನದಂತೂ ನಾವು ತುಳಿದ ಶಕ್ತಿಯಲ್ಲಿ ಒಂದಿಷ್ಟನ್ನು ಮೇಲೆ ಕೆಳಗೆ ಕುಣಿಯುವುದರಲ್ಲೇ ಕಳೆಯುತ್ತದೆ. ಹದವಾಗಿ ಗಾಳಿ ಹಾಕಿದ ದಪ್ಪ ಟೈರು ಈ ರಸ್ತೆಯ ಕುಲುಕನ್ನು ತಾನೇ ನುಂಗುತ್ತದೆ. ಗೇರೂ ಅಷ್ಟೆ. 21 ಎಂದರೆ ಕೇಳಲು ಚೆಂದ, ಲಲಿತಮಹಲ್ ಏರಿಗೆ ಹಿಂದಿನ 7 ಸಾಕು. ರಬ್ಬರ್ ಕಟ್ಟೆಯ ಬ್ರೇಕಾದರೆ ಮರದಡಿ ಕೂರುವ ಪಂಕ್ಚರ್ ಅಂಗಡಿಯವರೂ ಸರಿಮಾಡುತ್ತಾರೆ. ಮೊಮ್ಮಗಳ ಮುಖ ಸಣ್ಣದಾಯಿತು. ನೀಲಿ ಬಣ್ಣ ಅವಳೇ ಆರಿಸಲಿ ಎಂದ ಮೇಲೆ ಸರಿಹೋಯಿತು.

ಲೆಕ್ಕ ಬರೆಯುವುದು ಹಳೆಯ ಅಭ್ಯಾಸ. ಸೈಕಲ್ಲು ₹9,400, ಹೆಲ್ಮೆಟ್ 900, ಮಡ್‌ಗಾರ್ಡ್ 350, ಹಿಂದೆ ಮುಂದೆ ದೀಪ 450, ಬೀಗ 300, ಪಂಪು 350, ಬೆಲ್ಲು 60. ಒಟ್ಟು ₹11,810. ಮೌಂಟನ್ ಬೈಕಿನೊಂದಿಗೆ ಮಡ್‌ಗಾರ್ಡು, ಬೆಲ್ಲು, ಚೈನ್ ಕವರು ಬರುವುದಿಲ್ಲ ಎಂದು ಬಹಳ ಜನ ದುಡ್ಡು ಕೊಟ್ಟ ಮೇಲೆ ನೋಡುತ್ತಾರೆ. ಸೈಕಲ್ಲಿಗೇ ಪೂರ್ತಿ 12,000 ಸುರಿದರೆ ಹೆಲ್ಮೆಟ್ಟು ‘ಮುಂದಿನ ತಿಂಗಳು’ ಆಗುತ್ತದೆ. ಆ ತಿಂಗಳು ಯಾವಾಗ ಬರುತ್ತದೋ! ಚೈನ್ ಇರುವುದು ಬಲಗಡೆ, ಕವರಿಲ್ಲ, ಆದ್ದರಿಂದ ಸೊಸೆ ಬಲಗಾಲಿನ ಪ್ಯಾಂಟಿಗೆ ಒಂದು ರಬ್ಬರ್ ಬ್ಯಾಂಡ್ ಹಾಕುತ್ತಾಳೆ. ದುಪಟ್ಟಾ ಮನೆಯಲ್ಲೇ ಇರುತ್ತದೆ.

ಮೊದಲ ಬೆಳಿಗ್ಗೆ ನಾನು ರಸ್ತೆಬದಿಯ ಮರದಡಿ ನಿಂತಿದ್ದೆ. “ಮಾವ, ಹಿಡ್ಕೊಂಡಿರಿ” ಎಂದಳು. ಎಪ್ಪತ್ತು ದಾಟಿದವನು ಹಿಡಿದರೆ ಇಬ್ಬರೂ ಬೀಳುತ್ತೇವೆ ಎಂದು ಸುಮ್ಮನೆ ಕ್ಯಾರಿಯರಿಲ್ಲದ ಹಿಂಭಾಗಕ್ಕೆ ಕೈ ತಾಕಿಸಿದೆ. ಹತ್ತು ಗಜ ಓಲಾಡಿದಳು. ಆಮೇಲೆ ಅರಮನೆಯ ಕಡೆಗೆ ಹೋದವಳು ಚಿಕ್ಕವಳಾಗುತ್ತಾ ಹೋದಳು. ಮರಳಿ ಬಂದದ್ದು ಇಪ್ಪತ್ತೈದು ನಿಮಿಷದ ಮೇಲೆ, ಬೆವರಿನಲ್ಲಿ, ನಗುತ್ತಾ. ಮಂಡಿ ಏನೆಂದಿತು ಎಂದು ಕೇಳಿದೆ. “ಮರೆತೇಹೋಗಿತ್ತು” ಎಂದಳು.

ಸೀಟಿನ ಎತ್ತರ ಸರಿಯಿದ್ದದ್ದೂ ಅದಕ್ಕೊಂದು ಕಾರಣ. ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಸೀಟು ತೀರಾ ತಗ್ಗಾದರೆ ಭಾರವೆಲ್ಲ ಮಂಡಿಗೆ. ತಾಯಿಗೊಂದು ಎತ್ತರ, ಮಗಳಿಗೊಂದು ಎತ್ತರ, ದಿನವೂ ಬದಲಿಸಬೇಕು. ಸೀಟಿನ ಕೆಳಗಿನ ಹಿಡಿ ಸಡಿಲಿಸಿದರೆ ಕಂಬಿ ಮೇಲೆ ಕೆಳಗೆ ಜಾರುತ್ತದೆ. ಆ ಕಂಬಿಯ ಮೇಲೆ ಕಂಪನಿಯವರು ಗುರುತಿಸಿದ ಗೆರೆ ಮಾತ್ರ ಹೊರಗೆ ಬರಬಾರದು. ಇಬ್ಬರಿಗೂ ಗೊಂದಲವಾಗದಿರಲೆಂದು ಕಂಬಿಗೆ ಟೇಪ್ ಸುತ್ತಿದ್ದೇನೆ: ತಾಯಿಗೆ ನೀಲಿ, ಮಗಳಿಗೆ ಕೆಂಪು. ಅವರವರ ಟೇಪು ಫ್ರೇಮಿನ ಬಾಯಿಗೆ ಸರಿಯಾಗಿ ಬಂದಾಗ ಹಿಡಿ ಬಿಗಿಮಾಡಬೇಕು.

ಮೂರು ತಿಂಗಳಲ್ಲಿ ಮೊಮ್ಮಗಳು ಎತ್ತರವಾದಳು, ಅವಳ ಕೆಂಪು ಟೇಪನ್ನು ಅರ್ಧ ಇಂಚು ಕೆಳಗೆ ಅಂಟಿಸಬೇಕಾಯಿತು. ಹುಡುಗಿ ಮೇಲಕ್ಕೆ ಬೆಳೆದರೆ ಟೇಪು ಏಕೆ ಕೆಳಕ್ಕೆ ಇಳಿಯಿತು? ಮಕ್ಕಳೇ, ಸೈಕಲ್ಲಿನ ಮುಂದೆ ಕೂತು ನೀವೇ ನೋಡಿ ಹೇಳಿ.